ಅಮ್ಮನ ಅಡುಗೆಮನೆಗೆ ತಂದ ಪೂಜಾ ಕ್ಯಾಲೆಂಡರ್
ಮೈಸೂರಿನ ಸೇಂಟ್ ಫಿಲೋಮಿನಾ ಚರ್ಚಿಗೆ ಹೋದಾಗ ಹತ್ತಿರದ ಅಂಗಡಿಯಲ್ಲಿ 2026ರ ಈ ಕ್ಯಾಲೆಂಡರ್ ಕೊಂಡೆ. ತುಂಬ ಇಷ್ಟವಾಯಿತು. ಆಯಾ ದಿನ ಫಾದರ್ ತೊಡುವ ಪೂಜಾವಸ್ತ್ರದ ಬಣ್ಣವನ್ನೇ, ಹಸಿರು, ನೇರಳೆ, ಬಿಳಿ, ಕೆಂಪು ಅಂತ, ಚೌಕಗಳಿಗೆ ಹಾಕಿದ್ದಾರೆ. ಕಥೋಲಿಕ ಧರ್ಮಸಭೆಯ ಕಾನೂನಿನಲ್ಲಿ ಭಾನುವಾರ ಬಿಟ್ಟು 10 ಕಡ್ಡಾಯ ಹಬ್ಬಗಳಿದ್ದರೂ, ನಮ್ಮ ದೇಶದಲ್ಲಿ ವಾರದ ಮಧ್ಯೆ ಬಂದರೂ ಚರ್ಚಿನ ಪೂಜೆಗೆ (ಮಾಸ್) ಹೋಗಲೇಬೇಕಾದವು ಕ್ರಿಸ್‌ಮಸ್ ಮತ್ತು ಆಗಸ್ಟ್ 15ರ ಮರಿಯಮ್ಮನವರ ಸ್ವರ್ಗಾರೋಹಣ. ಎರಡಕ್ಕೂ ದಪ್ಪ ಗೆರೆ ಎಳೆದಿದ್ದಾರೆ.

ಬೇಜಾರಾಗಿದ್ದು ಒಂದೇ. ಈ ಸಲ ಆಗಸ್ಟ್ 15 ಶನಿವಾರ. ಹಬ್ಬಕ್ಕೊಂದು, ಭಾನುವಾರಕ್ಕೊಂದು, ಎರಡು ಪೂಜೆ ಬೇಕೇ ಬೇಕು. ಹಿಂದಿನ ಸಂಜೆಯ ಪೂಜೆಯೂ ಸಲ್ಲುತ್ತದೆ. ಇಷ್ಟನ್ನು ಒಂದು ಸಾಲು ಬರೆಯಬಹುದಿತ್ತು ಅಲ್ವಾ? ಅಮ್ಮ ಎರಡು ಸಲ ಫೋನ್ ಮಾಡಿ ಕೇಳಿದರು. ಅಕ್ಷರವೂ ಸ್ವಲ್ಪ ಚಿಕ್ಕದು.