ಹರಗಿ ಬಿಡೋದಾ, ಬೋದು ಸಾಲಾ, ಚೌಕು ಮಡಿಯಾ? ಎರೆ ಹೊಲದಲ್ಲಿ ಮಾಡಿ ನೋಡಿದ ಹೋಲಿಕೆ

ಹಿಂಗಾರಿ ಜೋಳ ಬಿತ್ತಿದ ಮೇಲೆ ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರೆ (ಕಪ್ಪು) ಮಣ್ಣು ಎಷ್ಟು ನೀರು ಕುಡಿದಿದೆಯೋ ಅದರ ಮೇಲೆಯೇ ಬೆಳೆ ನಿಲ್ಲಬೇಕು. ಹಾಗಾಗಿ ಹೊಲ ಖಾಲಿ ಇರುವ ಆ ತಿಂಗಳುಗಳಲ್ಲಿ ಅದನ್ನು ಹೇಗೆ ಬಿಡಬೇಕು ಅನ್ನೋದೇ ನಮ್ಮ ವಿಜಯಪುರ ಕಡೆ ದೊಡ್ಡ ಚರ್ಚೆ. ಒಂದೇ ಹೊಲವನ್ನು ಮೂರು ಪಟ್ಟಿ ಮಾಡಿ ನೋಡಿದೆ. ಮೂರರಲ್ಲೂ ಮಾಲದಂಡಿ ತಳಿಯ ಜೋಳ, ಬಿತ್ತೋಕೆ ಒಂದೇ ಕೂರಿಗೆ.

ಮೊದಲನೆಯದು ಹಿರಿಯರು ಮಾಡುತ್ತಿದ್ದದ್ದು. ಮಳೆ ಬಂದು ಹದ ಆದಾಗಲೆಲ್ಲ ಕುಂಟೆ ಹೊಡೆದು ಹರಗುವುದು, ಅಂದರೆ ಅಲಗಿನಿಂದ ಮೇಲ್ಮಣ್ಣು ಕೆದಕಿ ಕಸ ಕೀಳುವುದು. ಖರ್ಚು ಕಡಿಮೆ. ಕಸದ ವಿಷಯದಲ್ಲಿ ಇದಕ್ಕೆ ಸಾಟಿ ಇಲ್ಲ. ಆದರೆ ದಪ್ಪ ಹನಿಯ ಮಳೆ ಬಿದ್ದರೆ ಮೇಲ್ಮಣ್ಣು ಗಾರೆ ಮೆತ್ತಿದ ಹಾಗೆ ಮುಚ್ಚಿಕೊಳ್ಳುತ್ತದೆ, ನೀರು ಹರಿದು ಹೋಗುತ್ತದೆ. ಇಳಿಜಾರಿನ ಉದ್ದಕ್ಕೆ ಹರಗಿದ್ದರಂತೂ ಕುಂಟೆಯ ಗೆರೆಗಳೇ ಕಾಲುವೆ. ಬಾಡಿಗೆ ಟ್ರ್ಯಾಕ್ಟರ್‌ನವರಿಗೆ ತಿರುವು ಕಡಿಮೆ ಇರುವ ಉದ್ದನೆಯ ಸಾಲೇ ಇಷ್ಟ. ಗಂಟೆ ಲೆಕ್ಕದಲ್ಲಿ ದುಡ್ಡು ಕೊಡುವ ನಮಗೂ ಅದೇ ಅಗ್ಗ ಅನಿಸುತ್ತದೆ, ಅಲ್ವಾ? ನಾಲ್ಕು ಕಾಸು ಜಾಸ್ತಿ ಹೋದರೂ ಅಡ್ಡಕ್ಕೇ ಹೊಡೆಸಿ.

ಎರಡನೆಯದು ಬೋದು ಸಾಲು, ಅಂದರೆ ಮಣ್ಣಿನ ಏರು, ಪಕ್ಕದಲ್ಲಿ ಸಾಲು, ಎರಡಡಿಗೊಂದು. ನೋಡೋಕೆ ಚಂದ. ನೀರು ಸಾಲಿನಲ್ಲಿ ನಿಂತು ಇಂಗುತ್ತದೆ. ಆದರೆ ಸಾಲು ಸಮಮಟ್ಟಕ್ಕೆ ಇರದಿದ್ದರೆ ನೀರೆಲ್ಲ ತಗ್ಗಿನ ತುದಿಗೆ ಓಡಿ ಬೋದನ್ನೇ ಒಡೆಯುತ್ತದೆ. ಹತ್ತು ಹದಿನೈದು ಅಡಿಗೊಂದು ಅಡ್ಡಗಟ್ಟು ಹಾಕಿದರೆ ಈ ಕಾಟ ತಪ್ಪುತ್ತದೆ. ಅದಕ್ಕೆ ಆಳು ಬೇಕು. ಇನ್ನೊಂದು ತೊಂದರೆ, ಬೋದಿನ ಎರಡೂ ಮಗ್ಗುಲು ಗಾಳಿಗೆ ತೆರೆದಿರುವುದರಿಂದ ಬೇಗ ಒಣಗುತ್ತದೆ. ಕೂರಿಗೆ ಹಿಡಿಯಬೇಕಾದರೆ ಮತ್ತೆ ಎಲ್ಲ ಸಮ ಮಾಡಬೇಕು. ಮುಂಗಾರಿ ತೊಗರಿಗಾದರೆ ನಾನು ಇದನ್ನೇ ಆರಿಸುತ್ತೇನೆ, ಏಕೆಂದರೆ ತೊಗರಿಗೆ ಬುಡದಲ್ಲಿ ನೀರು ನಿಲ್ಲಬಾರದು. ಜೋಳಕ್ಕೆ ಸುಮ್ನೆ ಎರಡು ಕೆಲಸ.

ಮೂರನೆಯದು ಚೌಕು ಮಡಿ. ಮೊದಲ ಮಳೆಗೆ ಹರಗಿ ಕಸ ತೆಗೆದ ಮೇಲೆ, ಜೂನ್ ಕೊನೆ ಅಥವಾ ಜುಲೈನಲ್ಲಿ, ಹೊಲವನ್ನೆಲ್ಲ ಚೌಕಗಳಾಗಿ ಗೇಣೆತ್ತರದ ಸಣ್ಣ ಬದುಗಳಿಂದ ಕಟ್ಟುವುದು. ಇಳಿಜಾರು ಜಾಸ್ತಿ ಇದ್ದಲ್ಲಿ 10 ಅಡಿಗೆ 10 ಅಡಿ, ಸಮ ಇದ್ದಲ್ಲಿ 15 ಅಡಿಗೆ 15 ಅಡಿ ಸಾಕು. ಬಿದ್ದ ಮಳೆ ಬಿದ್ದ ಚೌಕದಲ್ಲೇ ನಿಲ್ಲುತ್ತದೆ. ಬಿತ್ತುವ ಮುಂಚೆ ಗುದ್ದಲಿ ಹಾಕಿ ಅಗೆದು ನೋಡಿದಾಗ, ಹರಗಿ ಬಿಟ್ಟ ಪಟ್ಟಿಗಿಂತ ಇಲ್ಲಿ ಹಸಿ ಬಹಳ ಕೆಳಗೆ ಇಳಿದಿತ್ತು. ಡಿಸೆಂಬರ್‌ನ ಒಣ ಗಾಳಿಗೆ ಹರಗಿದ ಪಟ್ಟಿಯ ಜೋಳ ಮಧ್ಯಾಹ್ನವೇ ಎಲೆ ಸುರುಳಿ ಸುತ್ತುತ್ತಿತ್ತು. ಚೌಕು ಮಡಿಯದು ಇನ್ನೂ ಬಿಚ್ಚಿಕೊಂಡೇ ಇರುತ್ತಿತ್ತು. ಬೋದು ಸಾಲಿನದು ಎರಡರ ನಡುವೆ.

ಹಾಗಂತ ಚೌಕು ಮಡಿಗೂ ಕಾಟ ಇಲ್ಲದಿಲ್ಲ. ಒಮ್ಮೆ ಕಟ್ಟಿದ ಮೇಲೆ ಒಳಗೆ ಕುಂಟೆ ಹೊಡೆಯೋಕೆ ಆಗುವುದಿಲ್ಲ. ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಮಘಾ, ಹುಬ್ಬಾ ಮಳೆಗೆ ಕಸ ಮೊಣಕಾಲೆತ್ತರ ಏಳುತ್ತದೆ. ಮೇಲಿನ ಒಂದು ಬದು ಒಡೆದರೆ ಕೆಳಗಿನವೂ ಸಾಲಾಗಿ ಒಡೆಯುತ್ತವೆ. ಮಳೆಯಾದ ಮರುದಿನ ಹೋಗಿ ನೋಡಲೇಬೇಕು. ಕರಿಕೆ (ಗರಿಕೆ ಹುಲ್ಲು) ಹಬ್ಬಿದ ಹೊಲಕ್ಕಂತೂ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ಮೊದಲು ಬೇಸಿಗೆಯಲ್ಲಿ ಮಣ್ಣು ಮಗುಚುವ ಪಲ್ಟಿ ನೇಗಿಲು ಹೊಡೆಸಿ, ಬೇರು ಮೇಲೆ ಬಂದು ಬಿಸಿಲಿಗೆ ಸಾಯಲಿ. ಹೆಂಟೆ ಹಾಗೇ ಬಿಡಿ. ರೋಟವೇಟರ್ ಹೊಡೆಸಿ ಪುಡಿ ಮಾಡಿದರೆ ಕರಿಕೆಯ ತುಂಡು ಹೊಲದ ತುಂಬ ಹಂಚಿದ ಹಾಗೆಯೇ.

ಒಂದು ವಿಷಯದಲ್ಲಿ ಅವಸರ ಬೇಕು. ಸೆಪ್ಟೆಂಬರ್ ದ್ವಿತೀಯಾರ್ಧದ ಉತ್ತರಿ ಮಳೆ ಆಗಿ ಹದ ಬಂದ ಕೂಡಲೇ ಕುಂಟೆಯಿಂದ ಬದು ಮುರಿದು, ಅದೇ ದಿನ ಕೂರಿಗೆ ಹೂಡಿ. ಮುರಿದು ಎರಡು ದಿನ ಬಿಟ್ಟರೆ ಮೇಲಿನ ಹಸಿ ಹಾರಿಹೋಗುತ್ತದೆ, ಬೀಜ ಒಣಮಣ್ಣಿಗೆ ಬೀಳುತ್ತದೆ.