ರೆಕ್ಕೆ ಗೆದ್ದಲಿಗೆ ಔಷಧ ಹಾಕಿಸುವ ಮುನ್ನ ಮನೆಯ ಸಂಪು ಎಲ್ಲಿದೆ ನೋಡಿಕೊಳ್ಳಿ

ಕಳೆದ ವರ್ಷ ರೋಹಿಣಿ ಮಳೆ ಸುರಿದು ನಿಂತ ಒಂದು ಸಂಜೆ, ದಾವಣಗೆರೆಯ ವಿದ್ಯಾನಗರದ ನಮ್ಮ ಮನೆಯಲ್ಲಿ ಕಿಟಕಿ ಬಾಗಿಲುಗಳನ್ನೆಲ್ಲ ಹಾಕಿಕೊಂಡು ಕುಳಿತಿದ್ದರೂ ನಡುಮನೆಯ ಟ್ಯೂಬ್‌ಲೈಟನ್ನು ರೆಕ್ಕೆ ಗೆದ್ದಲುಗಳು ಮುತ್ತಿಕೊಂಡವು. ಇವನ್ನು ನಾವು ಈಸುಳ್ಳಿ ಎನ್ನುತ್ತೇವೆ. ಹೊಳಲ್ಕೆರೆ ಕಡೆಯ ನಮ್ಮಜ್ಜಿಯ ಹಳ್ಳಿಯಲ್ಲಿ ಹುತ್ತದ ಬಾಯಿಯ ಬಳಿ ದೀಪವಿಟ್ಟು ಇವನ್ನು ಹಿಡಿದು, ಹುರಿದು, ಮಂಡಕ್ಕಿಯ ಜೊತೆ ತಿನ್ನುತ್ತಿದ್ದುದನ್ನು ನೋಡಿ ಬೆಳೆದ ನನಗೆ ಆ ಸಂಜೆ ಭಯವೇನೂ ಆಗಲಿಲ್ಲ. ಅರ್ಧ ಗಂಟೆಯಲ್ಲಿ ಅವು ರೆಕ್ಕೆ ಕಳಚಿ ನೆಲದ ಮೇಲೆ ಹರಿದಾಡತೊಡಗಿದವು. ನಾವು ಪೊರಕೆ ಹಿಡಿದು ಗುಡಿಸಿ, ಮೊರದ ತುಂಬ ರೆಕ್ಕೆಗಳನ್ನು ಹೊರಗೆ ಚೆಲ್ಲಿ ಮಲಗಿದೆವು.

ಕಿಟಕಿ ಹಾಕಿದ ಮನೆಯೊಳಗೆ ಅವು ಎಲ್ಲಿಂದ ಬಂದವು ಎಂಬ ಪ್ರಶ್ನೆಯನ್ನು ಆ ರಾತ್ರಿ ಕೇಳಿಕೊಳ್ಳದೇ ಹೋದದ್ದು ನನ್ನ ಮೊದಲನೆಯ ತಪ್ಪು. ಹೊರಗಿನ ಹುತ್ತದಿಂದ ಎದ್ದು ಬೆಳಕಿಗೆ ಮರುಳಾಗಿ ಒಳಗೆ ಬಂದ ಈಸುಳ್ಳಿಗಳಿಂದ ಮನೆಗೆ ತೊಂದರೆಯಿಲ್ಲ. ಅವು ಮರ ತಿನ್ನುವುದಿಲ್ಲ, ಜೋಡಿ ಹುಡುಕಿ ಹೊಸ ಗೂಡು ಕಟ್ಟಲೆಂದೇ ಹೊರಡುತ್ತವೆ, ಬಹುಪಾಲು ಅಂದೇ ಸತ್ತುಹೋಗುತ್ತವೆ. ವಿದ್ಯುದ್ದೀಪ ಆರಿಸಿ, ಹೊರಗಿನ ಒಂದು ಬಲ್ಬಿನ ಕೆಳಗೆ ನೀರು ತುಂಬಿದ ಅಗಲ ಪಾತ್ರೆ ಇಟ್ಟರೆ ಅವುಗಳ ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ಗೋಡೆಯೊಳಗಿಂದಲೇ ಅವು ಹೊರಬಂದರೆ, ಅಲ್ಲೇ ಎಲ್ಲೋ ಗೋಡೆಯ ಹಿಂದೆ ಅಥವಾ ನೆಲದ ಕೆಳಗೆ, ರೆಕ್ಕೆಯಿಲ್ಲದ ಕೆಲಸಗಾರ ಗೆದ್ದಲುಗಳು ಬಹುಕಾಲದಿಂದ ಸಂಸಾರ ಹೂಡಿವೆ ಎಂದು ಅರ್ಥ. ಮರ ತಿನ್ನುವವು ಆ ಕೆಲಸಗಾರ ಗೆದ್ದಲುಗಳೇ.

ಮೂರನೆಯ ದಿನ ಈಸುಳ್ಳಿಗಳು ಮತ್ತೆ ಬಂದಾಗ ನನ್ನ ಹೆಂಡತಿ ಕಂಡುಹಿಡಿದಳು: ದೇವರ ಮನೆಯ ಬಾಗಿಲ ಚೌಕಟ್ಟು ಗೋಡೆಗೆ ಕೂಡುವಲ್ಲಿ ಉಗುರು ತೂರುವಷ್ಟು ಒಂದು ಸೀಳಿತ್ತು, ಅದರಿಂದ ಒಂದರ ಹಿಂದೊಂದು ಸಾಲಾಗಿ ಹೊರಬರುತ್ತಿದ್ದವು. ಚೌಕಟ್ಟನ್ನು ಹೆಬ್ಬೆರಳಿನಿಂದ ಒತ್ತಿದರೆ ಬಣ್ಣದ ಪದರವು ಹಪ್ಪಳದಂತೆ ಮುರಿದು ಬೆರಳು ಒಳಗೆ ಹೋಯಿತು. ಒಳಗೆ ಮರವಿರಲಿಲ್ಲ, ಒದ್ದೆ ಮಣ್ಣಿತ್ತು. ಅಂಗಡಿಯಿಂದ ಜಿರಳೆಗೆ ಹೊಡೆಯುವ ಸ್ಪ್ರೇ ತಂದು ಆ ಸೀಳಿಗೆ ಅರ್ಧ ಡಬ್ಬಿ ಹೊಡೆದೆ. ಇದು ಎರಡನೆಯ ತಪ್ಪು. ಅಂಥ ಸ್ಪ್ರೇ ಕಣ್ಣೆದುರಿನ ಹುಳುಗಳನ್ನಷ್ಟೇ ಕೊಲ್ಲುತ್ತದೆ. ಗೂಡಿನಲ್ಲಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುವ ರಾಣಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ, ಉಳಿದ ಗೆದ್ದಲುಗಳು ಆ ದಾರಿ ಬಿಟ್ಟು ಬೇರೆ ದಾರಿ ಹಿಡಿಯುತ್ತವೆ. ವಾರದೊಳಗೆ ಮಲಗುವ ಕೋಣೆಯ ಗೋಡೆ ಬೀರುವಿನ ಕೆಳತಟ್ಟಿನಲ್ಲಿ ಮಣ್ಣಿನ ಸುರಂಗ ಕಾಣಿಸಿಕೊಂಡಿತು, ಮಗಳ ಹಳೆಯ ಅಂಕಪಟ್ಟಿಗಳ ಅಂಚುಗಳು ಗರಗಸದ ಹಲ್ಲಿನಂತಾದವು.

ಆಗ ಗೇಟಿಗೆ ಸಿಕ್ಕಿಸಿದ್ದ ಒಂದು ಕರಪತ್ರದ ನಂಬರಿಗೆ ಫೋನು ಮಾಡಿದೆ. ಮರುದಿನವೇ ಒಬ್ಬರು ಹುಡುಗನೊಬ್ಬನನ್ನು ಕರೆದುಕೊಂಡು ಬಂದರು. ಹತ್ತು ವರ್ಷದ ಗ್ಯಾರಂಟಿ, ಒಂಬತ್ತೂವರೆ ಸಾವಿರ ರೂಪಾಯಿ, ನಗದು. ಔಷಧವನ್ನು ನೀರಿನ ಹಳೆಯ ಪ್ಲಾಸ್ಟಿಕ್ ಬಾಟಲಿಯಲ್ಲಿ ತಂದಿದ್ದರು. ಮೂಲ ಡಬ್ಬ ಎಲ್ಲಿ ಎಂದು ಕೇಳಿದ್ದಕ್ಕೆ "ಗೋಡೌನಿನಾಗೆ ಐತ್ರಿ ಸರ್" ಎಂದರು. ಅದನ್ನು ನೀರಿಗೆ ಬೆರೆಸಿದಾಗ ಹಾಲಿನಂತೆ ಬೆಳ್ಳಗಾಯಿತು, ಮನೆ ತುಂಬ ಸೀಮೆಎಣ್ಣೆಯಂಥ ವಾಸನೆ ಹಬ್ಬಿತು. ವಾಸನೆ ಜೋರಾದಷ್ಟೂ ಔಷಧ ಜೋರು ಎಂದು ನಾನೂ ನಂಬಿದ್ದೆ. ಗೋಡೆಯುದ್ದಕ್ಕೂ ಮೂರು ಮೂರು ಅಡಿಗೊಂದು ರಂಧ್ರ ಕೊರೆದು, ಹದಿನಾರು ಲೀಟರಿನ ಒಂದೇ ಕ್ಯಾನಿನಲ್ಲಿ ಇಡೀ ಮನೆಯನ್ನು ಮುಗಿಸಲು ಹೊರಟವರಿಗೆ, ಪೋರ್ಟಿಕೋದ ಮೂಲೆಯ ಒಂದು ರಂಧ್ರದಲ್ಲಿ ಔಷಧ ಹಾಕಿದಷ್ಟೂ ಇಳಿಯುತ್ತಲೇ ಹೋಯಿತು. "ಗೂಡು ಸಿಕ್ತು ನೋಡ್ರಿ ಸರ್, ಹೆಂಗ್ ಕುಡೀತೈತಿ!" ಎಂದು ಖುಷಿಯಿಂದ ಅರ್ಧ ಕ್ಯಾನು ಅದೊಂದಕ್ಕೇ ಸುರಿದರು. ನಾನೂ ಪಕ್ಕದಲ್ಲೇ ನಿಂತು ತಲೆದೂಗಿದೆ. ನಲವತ್ತು ನಿಮಿಷದಲ್ಲಿ ಕೆಲಸ ಮುಗಿಯಿತು.

ಆ ರಂಧ್ರದಿಂದ ಎರಡು ಅಡಿ ದೂರದಲ್ಲಿ ನಮ್ಮ ಎಂಟು ಸಾವಿರ ಲೀಟರಿನ ನೀರಿನ ಸಂಪು ಇತ್ತು.

ಅದು ನಮಗೆ ಹೊಳೆದದ್ದು ಮರುದಿನ ಮಧ್ಯಾಹ್ನ, ಅಕ್ಕಿ ತೊಳೆಯುತ್ತಿದ್ದ ನನ್ನ ತಾಯಿ "ಇದೇನೋ, ನೀರೆಲ್ಲ ಸೀಮೆಎಣ್ಣೆ ವಾಸ್ನೆ ಹೊಡಿತೈತಲ್ಲೋ" ಎಂದು ಪಾತ್ರೆಯನ್ನು ನನ್ನ ಮೂಗಿನ ಹತ್ತಿರ ಹಿಡಿದಾಗ. ಸಂಪಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟರೆ, ಪೈಪು ಒಳಬರುವ ಜಾಗದ ಬಿರುಕಿನಿಂದ ಬೆಳ್ಳನೆಯ ಒಂದು ಗೆರೆ ಗೋಡೆಯಗುಂಟ ಇಳಿದಿತ್ತು, ನೀರಿನ ಮೇಲೆ ಎಣ್ಣೆಯ ಬಣ್ಣ ಮಿನುಗುತ್ತಿತ್ತು. ಅಷ್ಟರಲ್ಲಿ ಆ ನೀರು ಮೇಲಿನ ಟ್ಯಾಂಕಿಗೂ ಏರಿತ್ತು, ಬೆಳಿಗ್ಗೆ ಎಲ್ಲರೂ ಅದರಲ್ಲೇ ಸ್ನಾನ ಮಾಡಿದ್ದೆವು, ಹಲ್ಲುಜ್ಜಿದ್ದೆವು. ಸಂಜೆಗೆ ನಾಲ್ಕು ವರ್ಷದ ಮೊಮ್ಮಗ ಎರಡು ಬಾರಿ ವಾಂತಿ ಮಾಡಿಕೊಂಡ.

ಆಸ್ಪತ್ರೆಯಲ್ಲಿ ವೈದ್ಯರು ಮಗುವಿನ ಕಣ್ಣಿಗೆ ಬೆಳಕು ಬಿಟ್ಟು ಪಾಪೆ ಕುಗ್ಗಿದೆಯೇ ಎಂದು ನೋಡಿದರು, ಜೊಲ್ಲು ಅಥವಾ ಬೆವರು ಹೆಚ್ಚಾಗಿದೆಯೇ ಎಂದು ವಿಚಾರಿಸಿದರು, ಅನಂತರ ಕೇಳಿದ್ದು ಒಂದೇ ಪ್ರಶ್ನೆ: "ಯಾವ ಔಷಧ? ಲೇಬಲ್ ಇದೆಯೇ?" ನನ್ನ ಬಳಿ ಉತ್ತರವಿರಲಿಲ್ಲ. ಕರಪತ್ರದ ನಂಬರು ಸ್ವಿಚ್ ಆಫ್ ಆಗಿತ್ತು. ಕ್ಲೋರ್‌ಪೈರಿಫಾಸ್‌ನಂಥ ಆರ್ಗ್ಯಾನೋಫಾಸ್ಫೇಟ್ ಗುಂಪಿನ ಕೀಟನಾಶಕದ ವಿಷಕ್ಕೆ ಅಟ್ರೋಪಿನ್ ಎಂಬ ಪ್ರತ್ಯೌಷಧವಿದೆ, ಬೇರೆ ಗುಂಪಿನ ಕೀಟನಾಶಕಕ್ಕೆ ಚಿಕಿತ್ಸೆಯೇ ಬೇರೆ. ಹೆಸರು ಗೊತ್ತಿಲ್ಲದಿದ್ದರೆ ವೈದ್ಯರು ಲಕ್ಷಣಗಳನ್ನು ಕಾದು ನೋಡಬೇಕಾಗುತ್ತದೆ. ನಾವು ಇಡೀ ರಾತ್ರಿ ಹಾಗೆ ಕಾದೆವು. ದೇವರ ದಯೆಯಿಂದ ಬೆಳಗಾಗುವಷ್ಟರಲ್ಲಿ ಮಗು ಇಡ್ಲಿ ಕೇಳಿತು. ವಾಂತಿಗೆ ಆ ನೀರೇ ಕಾರಣವೋ ಅಲ್ಲವೋ ಎಂಬುದು ಕೊನೆಗೂ ತೀರ್ಮಾನವಾಗಲಿಲ್ಲ, ಏಕೆಂದರೆ ತೀರ್ಮಾನಿಸಲು ಬೇಕಾದ ಆ ಒಂದು ಚೀಟಿ ನಮ್ಮಲ್ಲಿರಲಿಲ್ಲ.

ಸಂಪು ಮತ್ತು ಟ್ಯಾಂಕುಗಳನ್ನು ಖಾಲಿ ಮಾಡಿಸಿ, ಸೋಪಿನ ನೀರಿನಿಂದ ಉಜ್ಜಿಸಿ, ಟ್ಯಾಂಕರ್ ನೀರು ತುಂಬಿಸಿ ಎರಡು ಬಾರಿ ಚೆಲ್ಲಿಸಿ, ಒಳಗೋಡೆಗೆ ಹೊಸದಾಗಿ ಗಾರೆ ಮಾಡಿಸುವವರೆಗೆ ಹದಿನೈದು ದಿನ ಪಕ್ಕದ ಮನೆಯವರ ನೀರಿನಲ್ಲಿ ಬದುಕಿದೆವು. ಖಾಲಿ ಮಾಡಿದ ನೀರನ್ನು ಗಡಿಬಿಡಿಯಲ್ಲಿ ಚರಂಡಿಗೆ ಬಿಟ್ಟದ್ದು ಇನ್ನೊಂದು ತಪ್ಪು. ಇಂಥ ವಿಷ ಮೀನು, ಜೇನುನೊಣಗಳಿಗೆ ಬಲು ಕೆಟ್ಟದ್ದು. ಇಂಥ ನೀರನ್ನು ಕುದಿಸಿದರೆ ಅಥವಾ ಫಿಲ್ಟರಿಗೆ ಹಾಕಿದರೆ ಸರಿಹೋಗುತ್ತದೆ ಎಂದು ನಮಗೆ ಹಲವರು ಹೇಳಿದರು. ದಯವಿಟ್ಟು ಅದನ್ನು ನಂಬಬೇಡಿ.

ಇಷ್ಟೆಲ್ಲ ಆದ ಮೇಲೂ ಗೆದ್ದಲು ಹೋಗಿರಲಿಲ್ಲ. ಎರಡು ತಿಂಗಳ ನಂತರ, ಪರಿಚಯದವರ ಮೂಲಕ ಬಂದ ಇನ್ನೊಬ್ಬರು ಔಷಧದ ಮಾತೆತ್ತುವ ಮೊದಲು ಸಂಪು ಎಲ್ಲಿದೆ, ಬೋರ್‌ವೆಲ್ ಎಲ್ಲಿದೆ, ಸ್ನಾನದ ಮನೆಯ ಪೈಪು ಎಲ್ಲಿ ಹಾದಿದೆ ಎಂದು ಕೇಳಿದರು. ದೇವರ ಮನೆಯ ಗೋಡೆಯ ಆಚೆ ಬದಿಯಲ್ಲಿ ಪೈಪು ಸೋರಿ ಗೋಡೆ ಸದಾ ತೇವವಾಗಿರುತ್ತಿತ್ತು. ಅಲ್ಲಿ ನೆಲ ಅಗೆಸಿದಾಗ ಮನೆ ಕಟ್ಟುವಾಗ ಮಣ್ಣಿನೊಳಗೇ ಬಿಟ್ಟಿದ್ದ ಸೆಂಟ್ರಿಂಗ್ ಹಲಗೆಯ ತುಂಡುಗಳು ಜೇನುಹುಟ್ಟಿನಂತಾಗಿ ಹೊರಬಂದವು. ಮೊದಲು ಪೈಪು ರಿಪೇರಿ, ಹಲಗೆ ತೆಗೆಸುವುದು, ಹಾಳಾದ ಚೌಕಟ್ಟಿನ ಬದಲು ಕಲ್ಲಿನ ಚೌಕಟ್ಟು, ಔಷಧ ಆಮೇಲೆ. ಮೊದಲು ಬಂದವರು ಮಣ್ಣಿನ ಸುರಂಗಗಳನ್ನೆಲ್ಲ ಕೆರೆದು ಒರೆಸಿ ಹೋಗಿದ್ದರಿಂದ ಗೆದ್ದಲಿನ ದಾರಿ ಹುಡುಕಲು ಇವರಿಗೆ ಒಂದು ದಿನ ಹೆಚ್ಚೇ ಹಿಡಿಯಿತು, ಆದ್ದರಿಂದ ನಿಮ್ಮ ಮನೆಯಲ್ಲಿ ಸುರಂಗ ಕಂಡರೆ ಪರಿಶೀಲನೆ ಆಗುವವರೆಗೆ ಅದನ್ನು ಮುಟ್ಟದಿರುವುದೇ ಒಳ್ಳೆಯದು.

ಕಟ್ಟಿದ ಮನೆಗೆ ಗೆದ್ದಲು ನಿಯಂತ್ರಣ ಹೇಗೆ ಮಾಡಬೇಕೆಂಬುದಕ್ಕೆ ಐಎಸ್ 6313 ಎಂಬ ಭಾರತೀಯ ಮಾನಕದ 3ನೇ ಭಾಗವೇ ಇದೆ ಎಂದು ತಿಳಿದದ್ದೂ ಇವರಿಂದಲೇ. ನೆಲ ಮತ್ತು ಗೋಡೆ ಕೂಡುವಲ್ಲಿ 12 ಮಿಲಿಮೀಟರ್ ಅಗಲದ ರಂಧ್ರಗಳನ್ನು 300 ಮಿಲಿಮೀಟರಿಗೊಂದರಂತೆ, ಅಂದರೆ ಸುಮಾರು ಅಡಿಗೊಂದರಂತೆ ಕೊರೆದು, ಒಂದೊಂದಕ್ಕೂ ಹಿಡಿದಷ್ಟು, ಹೆಚ್ಚೆಂದರೆ ಒಂದು ಲೀಟರ್ ದ್ರಾವಣ ಹಾಕಬೇಕು. ಒಂದು ಲೀಟರು ಮೀರಿಯೂ ಕುಡಿಯುವ ರಂಧ್ರ ಸಿಕ್ಕಿದರೆ ಅಲ್ಲೇ ನಿಲ್ಲಿಸಬೇಕು. ನಮ್ಮ ಮನೆಗೆ ಇನ್ನೂರಕ್ಕೂ ಹೆಚ್ಚು ರಂಧ್ರಗಳು ಬೇಕಾದವು, ಕೆಲಸ ಎರಡು ದಿನ ನಡೆಯಿತು. ಹದಿನಾರು ಲೀಟರಿನಲ್ಲಿ ಇಡೀ ಮನೆ ಮುಗಿಸಿದವರ ಲೆಕ್ಕ ಆಗ ಅರ್ಥವಾಯಿತು. ಇವರು ಬಳಸಿದ್ದು ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ ಎಂಬ ಕೀಟನಾಶಕ, ಅದಕ್ಕೆ ಹೇಳಿಕೊಳ್ಳುವಂಥ ವಾಸನೆಯೇ ಇರಲಿಲ್ಲ. ಗೆದ್ದಲಿಗೂ ಅದು ಇರುವುದು ತಿಳಿಯದೆ, ಮಣ್ಣಿನಲ್ಲಿ ಓಡಾಡಿ ಮೈಗೆ ಹತ್ತಿಸಿಕೊಂಡು ಗೂಡಿನ ಉಳಿದವಕ್ಕೂ ದಾಟಿಸುತ್ತದೆಯಂತೆ. ಸೀಲು ಒಡೆಯದ ಡಬ್ಬವನ್ನು ನನ್ನೆದುರೇ ತೆರೆದರು, ಲೇಬಲ್ಲಿನ ಫೋಟೊ ತೆಗೆದುಕೊಳ್ಳಲು ಅವರೇ ಹೇಳಿದರು. ಲೇಬಲ್ಲಿನ ಮೇಲಿನ ತ್ರಿಕೋನದ ಬಣ್ಣವನ್ನೂ ನೋಡಿ: ಕೆಂಪು ಅತಿ ವಿಷ, ಅದರ ನಂತರ ಹಳದಿ, ನೀಲಿ, ಹಸಿರು. ಕೀಟನಾಶಕ ಕಾಯ್ದೆ, 1968ರ ವ್ಯವಸ್ಥೆಯಲ್ಲಿ ಈ ಕೆಲಸಕ್ಕೆ ಪರವಾನಗಿ ಬೇಕು. ಅದರ ಪ್ರತಿಯನ್ನು ತೋರಿಸಲು ಹಿಂದೆಮುಂದೆ ನೋಡುವವರಿಗೆ ಗೇಟಿನ ಹೊರಗಿನಿಂದಲೇ ನಮಸ್ಕಾರ ಹೇಳಿ ಕಳಿಸಿ.

ಸಂಪಿನ ಕಡೆಯ ಗೋಡೆಗೆ ಮಾತ್ರ ಅವರು ಔಷಧ ಹಾಕಲು ಒಪ್ಪಲಿಲ್ಲ. ಈ ವರ್ಷ ಮೊದಲ ಮಳೆಗೆ ಎದುರಿನ ಖಾಲಿ ಸೈಟಿನಿಂದ ಈಸುಳ್ಳಿಗಳು ಎದ್ದವು, ಬೀದಿದೀಪದ ಸುತ್ತ ಹಾರಿ ಬಿದ್ದವು. ದೇವರ ಮನೆಯಿಂದ ಒಂದೂ ಬರಲಿಲ್ಲ. ಔಷಧ ಬೀಳದ ಆ ಮೂಲೆಯನ್ನು ತಿಂಗಳಿಗೊಮ್ಮೆ ಟಾರ್ಚು ಹಿಡಿದು, ಮಂಡಿಯೂರಿ ನೋಡುತ್ತೇನೆ. ನನ್ನ ತಾಯಿ ಈಗಲೂ ಅಕ್ಕಿಗೆ ಹಾಕುವ ಮುನ್ನ ನೀರನ್ನು ಒಮ್ಮೆ ಮೂಸಿ ನೋಡುತ್ತಾಳೆ.