ಸೋಮವಾರ ಬೆಳಿಗ್ಗೆಯ ಹೊಟ್ಟೆನೋವು

ಮಗ ಎಂಟನೇ ಕ್ಲಾಸಿನಲ್ಲಿದ್ದಾಗ ವಾರಕ್ಕೆ ಮೂರು ದಿನ ಹೊಟ್ಟೆನೋವು ಅನ್ನುತ್ತಿದ್ದ. ಯೂನಿಫಾರ್ಮ್ ಹಾಕುವ ಹೊತ್ತಿಗೆ ಶುರು. ಭಾನುವಾರ ಇಲ್ಲ, ದಸರಾ ರಜೆಯಲ್ಲಿ ಒಂದು ದಿನವೂ ಇಲ್ಲ. ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟೆವು, ಸ್ಕ್ಯಾನಿಂಗ್ ಮಾಡಿಸಿದೆವು, ದೃಷ್ಟಿಯನ್ನೂ ತೆಗೆದೆವು. ರಿಪೋರ್ಟ್ ನಾರ್ಮಲ್ ಬಂದ ದಿನ "ನಾಟಕ ಮಾಡ್ತೀಯಾ?" ಅಂತ ಬೈದೆ. ಆ ಮಾತು ಈಗಲೂ ನನ್ನನ್ನು ಚುಚ್ಚುತ್ತದೆ.

ಒಂದು ಸಂಜೆ ಬಚ್ಚಲಲ್ಲಿ ತಾನೇ ಶರ್ಟ್ ಉಜ್ಜುತ್ತಿದ್ದ. ಬೆನ್ನಿನ ಮೇಲೆ ಇಂಕಿನಲ್ಲಿ ಯಾರೋ ಬರೆದಿದ್ದರು. ಅವನ ತೊದಲು ಮಾತಿಗೆ ಇಟ್ಟ ಅಡ್ಡಹೆಸರು. ಆಮೇಲೆ ಒಂದೊಂದೇ ಹೊರಗೆ ಬಂತು. ಜೂನ್‌ನಿಂದಲೇ ನಡೆಯುತ್ತಿತ್ತಂತೆ. ಇವನು ಓದಲು ಎದ್ದರೆ ಹಿಂದಿನ ಬೆಂಚಿನವರು ತೊದಲಿ ತೋರಿಸುತ್ತಿದ್ದರು. ಅದನ್ನು ರೆಕಾರ್ಡ್ ಮಾಡಿ ವಾಟ್ಸಾಪ್ ಗ್ರೂಪಿಗೂ ಹಾಕಿದ್ದರು. ಮನೆಗೆ ಬಂದರೂ ಮಗುವಿಗೆ ಬಿಡುಗಡೆ ಇರಲಿಲ್ಲ.

ನಮ್ಮ ದೊಡ್ಡ ತಪ್ಪು ಆಮೇಲಿನದು. ಅವನನ್ನು ಒಂದು ಮಾತೂ ಕೇಳದೆ ಮಾರನೇ ದಿನ ಶಾಲೆಗೆ ಹೋಗಿ ಜಗಳವಾಡಿದೆವು. ಟೀಚರ್ ಅವನನ್ನೂ ಆ ಹುಡುಗರನ್ನೂ ಇಡೀ ಕ್ಲಾಸಿನ ಎದುರು ನಿಲ್ಲಿಸಿ, "ಯಾರು ಏನಂದ್ರು ಹೇಳು" ಅಂದರು. ಅವನಿಗೆ ಮಾತೇ ಹೊರಡಲಿಲ್ಲ. ಕೈಕುಲುಕಿಸಿ ಕೂರಿಸಿದರು. "ಹುಡುಗಾಟ, ಬಿಡಿ, ಸರಿಹೋಗುತ್ತೆ" ಅಂದರು ನಮಗೆ.

ಜಾಸ್ತಿಯಾಯಿತು. ಈಗ ಚಾಡಿಕೋರ ಅನ್ನೋ ಹೆಸರೂ ಸೇರಿತು. ನಿದ್ದೆ ಹೋಯಿತು, ಮಾರ್ಕ್ಸ್ ಇಳಿಯಿತು, ಟಿಫಿನ್ ಡಬ್ಬಿ ತುಂಬಿದ ಹಾಗೇ ವಾಪಸ್ ಬರತೊಡಗಿತು. ಒಂದು ರಾತ್ರಿ "ನಾನಿಲ್ಲದಿದ್ರೆ ನಿಮಗೆ ಆರಾಮ ಅಲ್ವಾ ಅಮ್ಮ?" ಅಂದ.

ಆಗಲೇ 14416ಕ್ಕೆ ಫೋನ್ ಮಾಡಿದೆ. ಅದು ಸರ್ಕಾರದ ಟೆಲಿ ಮನಸ್, ಮನಸ್ಸಿನ ಕಷ್ಟಕ್ಕೆ ಇರುವ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ರಾತ್ರಿ ಅವನನ್ನು ಒಬ್ಬನೇ ಬಿಡಲಿಲ್ಲ. ಬೆಳಿಗ್ಗೆ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ಹೊಟ್ಟೆನೋವು ಸುಳ್ಳಲ್ಲ, ಭಯಕ್ಕೆ ಹೊಟ್ಟೆ ನಿಜವಾಗಿಯೂ ಹಿಡಿಯುತ್ತದೆ ಅಂತ ಅವರು ಹೇಳಿದಾಗ ಮಗ ಮೊದಲ ಸಲ ತಲೆಯೆತ್ತಿ ನನ್ನ ಮುಖ ನೋಡಿದ.

ದಯವಿಟ್ಟು ನಾವು ಮಾಡಿದ್ದು ಮಾಡಬೇಡಿ. ನೋವು ಯಾವ ಯಾವ ದಿನ ಬರುತ್ತದೆ ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ. ಮೆಸೇಜು, ವಿಡಿಯೊ ಅಳಿಸಬೇಡಿ, ಇಟ್ಟುಕೊಳ್ಳಿ. ದೂರನ್ನು ಬರೆದು ಕೊಡಿ, ಅದರ ಪ್ರತಿ ನಿಮ್ಮ ಹತ್ತಿರ ಇರಲಿ. ಕಾಡಿದವರನ್ನೂ ಮಗುವನ್ನೂ ಎದುರುಬದುರು ನಿಲ್ಲಿಸಿ ರಾಜಿ ಮಾಡಿಸಲು ಒಪ್ಪಬೇಡಿ. ಶಾಲೆ ಕಿವಿಗೆ ಹಾಕಿಕೊಳ್ಳದಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಇದೆಲ್ಲದಕ್ಕೂ ಮೊದಲು, ಏನು ಮಾಡಲಿ ಅಂತ ಮಗುವನ್ನೇ ಕೇಳಿ.

ಈಗ ಅವನು ಹತ್ತನೇ ಕ್ಲಾಸು, ಶಾಲೆ ಬೇರೆ. ಊಟ ಸೇರುತ್ತದೆ. ಗಟ್ಟಿಯಾಗಿ ಓದಲು ಎದ್ದರೆ ಮಾತ್ರ ಅಂಗೈ ಇನ್ನೂ ಬೆವರುತ್ತದಂತೆ.